ತುಪ್ಪದಲ್ಲಿ ಹುರಿದ ರೇಲಿಂಗ್

ನೇರವಾದ ವಸ್ತು ಯಾವುದು ಕಂಡರೂ ಸೀತಾರಾಮ್ ಅಂಕಲ್ ಅವರ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ನಮ್ಮ ಮನೆಗೆ ಕಾಫಿಗೆ ಬಂದರೆ ಸೌಟು, ಊದುಬತ್ತಿ, ನಾನು ಹುಳಿಗೆ ಹೆಚ್ಚಲೆಂದು ಇಟ್ಟುಕೊಂಡ ನುಗ್ಗೆಕಾಯಿ, ಒಂದನ್ನೂ ಬಿಡುತ್ತಿರಲಿಲ್ಲ. ಎತ್ತಿ ಬಲಗಣ್ಣಿಗೆ ಹಿಡಿದು, ಉಸಿರು ಬಿಗಿಹಿಡಿದು, ಆ ತುದಿಯವರೆಗೂ ನೋಡುವರು. "ಇಲ್ಲಿ ಸ್ವಲ್ಪ ಬಾಗಿದೆ, ನೋಡಮ್ಮಾ" ಎಂದು ನುಗ್ಗೆಕಾಯಿಯನ್ನು ತಟ್ಟೆಗೆ ವಾಪಸ್ ಇಡುವಾಗ, ತರಕಾರಿಯವನು ನಂಬಿಕೆದ್ರೋಹ ಮಾಡಿದನೇನೋ ಎಂಬಂತೆ ಮುಖ ಬಾಡಿರುತ್ತಿತ್ತು.

ಗೋರೆಗಾಂವ್‌ನ ನಮ್ಮ ಹಳೇ ಬಿಲ್ಡಿಂಗಿನಲ್ಲಿ ಅವರದು ಗ್ರೌಂಡ್ ಫ್ಲೋರ್, ನಮ್ಮದು ಸರಿಯಾಗಿ ಅವರ ನೆತ್ತಿಯ ಮೇಲೆ. ಮೂಲ ಮೈಸೂರು. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಸೇರಿದ್ದೂ ಪರ್ಚೇಸ್ ಡಿಪಾರ್ಟ್‌ಮೆಂಟಿಗೆ, ರಿಟೈರ್ ಆದದ್ದೂ ಅಲ್ಲಿಂದಲೇ. ಆ ಕಾರ್ಖಾನೆಗೆ ಬಂದ ಮೆಷಿನ್ನುಗಳನ್ನೆಲ್ಲ ಕೊಂಡವರು ಇವರು, ಮುಟ್ಟಿದವರು ಬೇರೆಯವರು. "ಪುರೋಹಿತರ ಹಾಗೆ ಕಣಮ್ಮಾ ನನ್ನ ಸರ್ವಿಸ್ಸು. ಮದುವೆ ಎಲ್ಲಾ ನಾನೇ ಮಾಡ್ಸೋದು, ಹಾರ ಮಾತ್ರ ಇನ್ನೊಬ್ಬನ ಕೊರಳಿಗೆ" ಎನ್ನುತ್ತಿದ್ದರು. ಆದ್ದರಿಂದ ರಿಟೈರ್ ಆದ ಮರುವಾರವೇ ಹಿಂದಿನ ಬಾಲ್ಕನಿಯಲ್ಲಿದ್ದ ವಾಷಿಂಗ್ ಮೆಷಿನ್ ಹಾಲಿಗೆ ಬಂತು, ಬಾಲ್ಕನಿ ವರ್ಕ್‌ಶಾಪ್ ಆಯಿತು. ದಪ್ಪ ಹಲಗೆಯ ಮೇಜು, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಗರಗಸಗಳು, ಗೋಡೆ ತುಂಬ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಸ್ಪ್ಯಾನರುಗಳು. ಗೌರಿಹಬ್ಬಕ್ಕೆ ಜೋಡಿಸಿದ ಬಳೆಗಳಂತೆ ಅವು ಹೊಳೆಯುತ್ತಿದ್ದವು, ಏಕೆಂದರೆ ಬಳಕೆಗಿಂತ ಅವುಗಳಿಗೆ ಒರೆಸುವಿಕೆಯೇ ಹೆಚ್ಚು.

ಪರ್ಚೇಸಿನ ಒಂದು ಅಭ್ಯಾಸ ಮಾತ್ರ ಅವರನ್ನು ಬಿಡಲಿಲ್ಲ. ಯಾವುದಕ್ಕೂ ಮೂರು ಕೊಟೇಶನ್ ಬೇಕು. ಪಾರ್ಕಿಗೆ ಹೋಗಲು ಮೂರು ರಿಕ್ಷಾ ವಿಚಾರಿಸಿ ನಡೆದುಕೊಂಡೇ ಹೋಗುವರು. ಅವರ ಹೆಂಡತಿ ವಿಶಾಲಾಕ್ಷಿ ಆಂಟಿ ಹೇಳುತ್ತಿದ್ದರು, "ನನ್ನನ್ನ ನೋಡೋಕೆ ಬರೋಕ್ಮುಂಚೆ ಇನ್ನಿಬ್ಬರನ್ನ ನೋಡಿದ್ರಂತೆ. ಆಗ್ಲೇ ನಮ್ಮಪ್ಪಂಗೆ ಅನುಮಾನ ಬರಬೇಕಿತ್ತು."

ಅಂಕಲ್ ಮಾಡಿದ ವಸ್ತುಗಳನ್ನು ಮಾತ್ರ ಬಿಲ್ಡಿಂಗಿನಲ್ಲಿ ಯಾರೂ ಬಳಸುತ್ತಿರಲಿಲ್ಲ. ನಮಗೆ ಕೊಟ್ಟ ಟವೆಲ್ ಸ್ಟ್ಯಾಂಡು ಟವೆಲ್ ಹಾಕಿದೊಡನೆ ನಮಸ್ಕಾರ ಮಾಡುತ್ತಿತ್ತು. ಆಂಟಿಯ ಅಡುಗೆಮನೆಯಲ್ಲಂತೂ ಅವರ ಕೈಕೆಲಸಕ್ಕೆ ಪ್ರವೇಶವೇ ಇರಲಿಲ್ಲ. ತಮ್ಮ ಕೈಯಿಂದಾದ ಒಂದೇ ಒಂದು ವಸ್ತುವನ್ನಾದರೂ ಆಂಟಿ ದಿನವೂ ಬಳಸಬೇಕು ಎನ್ನುವುದು ಅವರ ಆಸೆಯೆಂದು ನಮಗೆಲ್ಲ ಗೊತ್ತಿತ್ತು. ಆಂಟಿಗೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಹುಷಾರಾಗಿದ್ದರು.

ಆಗಲೇ ಆಂಟಿಯ ಮಂಡಿಯ ಆಪರೇಷನ್ ಆದದ್ದು. ನಮ್ಮ ಬಿಲ್ಡಿಂಗಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆಂದು ಗ್ರೌಂಡ್ ಫ್ಲೋರನ್ನು ಎತ್ತರಿಸಿ ಕಟ್ಟಿದ್ದರು. ಅವರ ಬಾಗಿಲಿನಿಂದ ಅಂಗಳಕ್ಕೆ ಕೆಲವು ಮೆಟ್ಟಿಲು, ನಡುವೆ ಮೊಣಕೈ ಮಡಚಿದಂತೆ ಒಂದು ತಿರುವು, ಹಿಡಿದುಕೊಳ್ಳಲು ಏನೂ ಇಲ್ಲ. ಕೆಳಗೆ ಬಾದಾಮಿ ಮರದಡಿ ಬೆಂಚಿನ ಮೇಲೆ ಸಂಜೆ ನಾವು ಹೆಂಗಸರು ಕೂರುತ್ತಿದ್ದೆವು. ಬಲತುದಿ ಆಂಟಿಯ ಜಾಗ. ಈಗ ಅದು ಖಾಲಿ. ಆಂಟಿ ಕಿಟಕಿಯ ಗ್ರಿಲ್ ಹಿಡಿದು, "ಏನಂದ್ರಿ? ಜೋರಾಗಿ ಹೇಳಿ, ಗುಟ್ಟಿನ ವಿಷ್ಯನೆಲ್ಲಾ ಮೆತ್ತಗೆ ಹೇಳಿದ್ರೆ ನಂಗೆ ಕೇಳ್ಸಲ್ಲ!" ಎಂದು ಕೂಗುವರು. ಮೆಟ್ಟಿಲು ಇಳಿದು ಅಭ್ಯಾಸ ಮಾಡದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಆಂಟಿಗೋ, ತಿರುವಿನ ಹತ್ತಿರ ಬಂದರೆ ಕಾಲು ನಡುಗುತ್ತಿತ್ತು.

ಸೊಸೈಟಿಯ ಸೆಕ್ರೆಟರಿ ಸಾವಂತ್ ಅವರು ರೇಲಿಂಗ್ ಹಾಕಿಸಲು ಕಬ್ಬಿಣದ ಕೆಲಸದ ಫ್ಯಾಬ್ರಿಕೇಟರ್ ಒಬ್ಬನನ್ನು ಕರೆಸುತ್ತೇನೆಂದರು. ಅಂಕಲ್ ಒಪ್ಪಲಿಲ್ಲ. "ಇಡೀ ಸರ್ವಿಸ್ಸೆಲ್ಲಾ ಹೊರಗಡೆ ಆರ್ಡರ್ ಕೊಟ್ಟಿದೀನಿ. ವಿಶಾಲು ಹಿಡ್ಕೊಳ್ಳೋ ರೇಲಿಂಗು ಮನೇಲೇ ಆಗ್ಬೇಕು."

ಆಂಟಿ ಸೋಫಾದಿಂದಲೇ ಹೇಳಿದರು, "ನೀವು ಮಾಡಿದ್ದನ್ನ ಹಿಡ್ಕೊಂಡು ಇಳಿಯೋದಾದ್ರೆ ಇನ್ನೊಂದು ಮಂಡಿಗೂ ಈಗ್ಲೇ ಡಾಕ್ಟರ ಹತ್ರ ಡೇಟ್ ತಗೊಂಬಿಡಿ."

ಮೂರು ಕೊಟೇಶನ್ ಆದಮೇಲೆ ಪೈಪು ಬಗ್ಗಿಸುವ ಕೈಯಂತ್ರ ಬಂತು. ಬೆಂಡರ್ ಎಂದು ಅದರ ಹೆಸರು. ಅರ್ಧಚಂದ್ರದಂಥ ಕಬ್ಬಿಣದ ಅಚ್ಚು, ಅದರಂಚಿನಲ್ಲಿ ಪೈಪು ಕೂರುವ ತೋಡು, ಮೇಲೆ ಡಿಗ್ರಿಯ ಗೀಟುಗಳು, ಎಳೆಯಲು ಮಾರುದ್ದದ ಹಿಡಿ. ನೋಡಲು ಚಕ್ಕುಲಿ ಒರಳಿನ ದೊಡ್ಡಪ್ಪನಂತಿತ್ತು. ಅದಕ್ಕೆ ಕುಂಕುಮ ಇಟ್ಟು, ನನ್ನನ್ನು ಕೆಳಗೆ ಕರೆದರು.

"ಮಾಡ್ದೋರೇ ಪಾಸ್ ಮಾಡ್ಬಾರ್ದಮ್ಮಾ. ಇನ್‌ಸ್ಪೆಕ್ಷನ್ ಬೇರೆ ಡಿಪಾರ್ಟ್‌ಮೆಂಟು. ಇವತ್ತಿಂದ ಅದು ನಿಂದು."

ಪರೀಕ್ಷೆಗೆಂದು ಮೊದಲು ಹಾಕಿದ್ದು ಹಳೇ ಪರದೆಯ ಕೊಳವೆ. ಅಂಕಲ್ ಹಿಡಿಗೆ ಜೋತುಬಿದ್ದು ಎಳೆದರು. ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಹಿಡಿ ತೊಂಬತ್ತರ ಗೀಟಿಗೆ ಬಂತೆಂದು ನಾನು ಕೂಗಿದೆ. ಅವರು ಕೈ ಬಿಟ್ಟೊಡನೆ ಕೊಳವೆ ಮೆಲ್ಲಗೆ ಸ್ವಲ್ಪ ಹಿಂದಕ್ಕೆ ಸರಿಯಿತು.

"ಅದಕ್ಕೆ ಅದರ ಹಳೇ ಆಕಾರ ಜ್ಞಾಪಕ ಇರುತ್ತಮ್ಮಾ. ಎಷ್ಟು ಬಗ್ಸಿದ್ರೂ ಬಿಟ್ಟಮೇಲೆ ಒಂಚೂರು ವಾಪಸ್ ಹೋಗುತ್ತೆ. ಅದಕ್ಕೇ ಬೇಕಾದ್ದಕ್ಕಿಂತ ನಾಲ್ಕು ಡಿಗ್ರಿ ಜಾಸ್ತಿ ಬಗ್ಗಿಸ್ಬೇಕು."

ಒಳಗಿನಿಂದ ಆಂಟಿಯ ದನಿ: "ಮೊದಲೇ ಹೇಳ್ಬಾರ್ದಾಗಿತ್ತೇನ್ರೀ? ಮದುವೆ ಆದಾಗಿಂದ ಬರೀ ತೊಂಬತ್ತಕ್ಕೇ ಬಗ್ಗಿಸ್ತಾ ಬಂದೆನಲ್ಲಾ ನಿಮ್ಮನ್ನ!"

ಕೊಳವೆಯೇನೋ ಬಗ್ಗಿತ್ತು, ಆದರೆ ತಿರುವಿನಲ್ಲಿ ಹಿಂಡಿ ಮುಗಿದ ಟೂತ್‌ಪೇಸ್ಟಿನಂತೆ ಚಪ್ಪಟೆಯಾಗಿತ್ತು. ಅಂಕಲ್ ನನ್ನ ಮುಖ ನೋಡಿದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ನಮ್ಮ ಕಾನ್ವೆಂಟಿನ ಸಿಸ್ಟರುಗಳು ದಿನಾ ಬೆಳಿಗ್ಗೆ ಹೇಳಿಕೊಟ್ಟಿದ್ದರು.

"ಚೆನ್ನಾಗಿದೆ ಅಂಕಲ್, ಆದರೆ..."

"ಪಾಸ್ ಇದೆ, ರಿಜೆಕ್ಟ್ ಇದೆ. ಇನ್‌ಸ್ಪೆಕ್ಷನ್‌ನಲ್ಲಿ 'ಆದರೆ' ಅನ್ನೋ ಕಾಲಂ ಇಲ್ಲಮ್ಮಾ" ಎಂದು ತಾವೇ ಅದನ್ನು ಮೂಲೆಗೆ ಹಾಕಿದರು. ಮಧ್ಯಾಹ್ನದೊಳಗೆ ಮೂಲೆಯಲ್ಲಿ ಸೊಟ್ಟ ಕೊಳವೆಗಳ ಒಂದು ಕುಟುಂಬವೇ ಒರಗಿ ನಿಂತಿತ್ತು.

ಚಪ್ಪಟೆಯಾಗದಿರಲು ಪೈಪಿನೊಳಗೆ ಒಣಮರಳು ತುಂಬಿ, ಎರಡೂ ಬಾಯಿಗೆ ಮರದ ಬಿರಡೆ ಜಡಿದು ಬಗ್ಗಿಸಬೇಕಂತೆ. ಮುಂಬಯಿಯಲ್ಲಿ ಕಟ್ಟಡ ಏಳದ ಗಲ್ಲಿಯಿಲ್ಲ, ಮರಳಿಗೇನೂ ಬರವಿಲ್ಲ. ಆದರೆ ಆಗ ಮಳೆಗಾಲ. ಎಲ್ಲ ಮರಳೂ ಒದ್ದೆ. ಸಂಜೆ ಅಂಕಲ್ ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಮರಳಿನ ಥರಾನೇ ಇರೋ ಒಣಗಿದ ಪದಾರ್ಥ ಏನಾದ್ರೂ ಇದೆಯೇನಮ್ಮಾ? ಮೂರು ಸ್ಯಾಂಪಲ್ ತೋರಿಸು."

ಮೂರು ಬಟ್ಟಲಲ್ಲಿ ಇಡ್ಲಿರವೆ, ಉಪ್ಪಿಟ್ಟಿನ ರವೆ, ಚಿರೋಟಿ ರವೆ ಇಟ್ಟೆ. ಒಂದೊಂದನ್ನೂ ಬೆರಳಲ್ಲಿ ತಿಕ್ಕಿ, ಕಿವಿಯ ಹತ್ತಿರ ಉದುರಿಸಿ ಸದ್ದು ಕೇಳಿ, ಕೊನೆಗೆ ಉಪ್ಪಿಟ್ಟಿನ ರವೆಗೆ ಆರ್ಡರ್ ಕೊಟ್ಟರು. ಮಳೆಯ ತೇವ ಹೋಗಲು ಸ್ವಲ್ಪ ಬಿಸಿ ಮಾಡಿಕೊಳ್ಳಿ ಎಂದೆ. "ಅಷ್ಟು ನಂಗೂ ಬರುತ್ತಮ್ಮಾ" ಎಂದು ಡಬ್ಬಿ ಎತ್ತಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಕೆಳಗಿನಿಂದ ಘಮಘಮ ವಾಸನೆ. ಆಂಟಿಗೆ ಮೈ ನೆಟ್ಟಗಾಯಿತು, ರವೆಉಂಡೆ ಮಾಡುತ್ತಿದ್ದಾರೆ ಎಂದುಕೊಂಡು ಇಳಿದೆ. ವರ್ಕ್‌ಶಾಪಿನಲ್ಲಿ ಅಸಲಿ ಪೈಪು ಬಗ್ಗಿ, ಮೊಣಕೈಯಷ್ಟೇ ದುಂಡಗೆ, ಒಂದು ಸುಕ್ಕೂ ಇಲ್ಲದೆ ಮೇಜಿನ ಮೇಲೆ ಮಲಗಿತ್ತು. ಅಂಕಲ್ ಮಾತ್ರ ಸುತ್ತಿಗೆ ಹಿಡಿದು ಅದರ ಬೆನ್ನು ತಟ್ಟುತ್ತಿದ್ದರು. ಬಿರಡೆ ತೆಗೆದು ಬೋರಲು ಹಿಡಿದರೂ ಒಳಗಿನ ರವೆ ಹೊರಗೆ ಬರುತ್ತಿಲ್ಲ.

"ಹೇಗೆ ಹುರಿದ್ರಿ ಅಂಕಲ್?"

"ಎಲ್ಲರೂ ಹುರಿಯೋ ಹಾಗೇ. ಎರಡು ಸೌಟು ತುಪ್ಪ ಹಾಕಿ."

"ತುಪ್ಪ ಯಾಕೆ ಹಾಕಿದ್ರಿ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ತುಪ್ಪ ಹಾಕದೆ ರವೆ ಹುರಿಯೋದು ಯಾವೂರಲ್ಲಮ್ಮಾ?"

ಒಳಗಿನ ಉಂಡೆ ಒಳಗೇ ಉಳಿಯಿತು. ಬಿರಡೆಗಳನ್ನು ಮತ್ತೆ ಜಡಿದು ಮೆಟ್ಟಿಲ ಪಕ್ಕದ ಗೋಡೆಗೆ ರೇಲಿಂಗ್ ಕೂರಿಸಿದರು. ನಮ್ಮಲ್ಲಿ ಪಕ್ಕದ ಮನೆಯ ಡಬ್ಬಿಯನ್ನು ಖಾಲಿ ಹಿಂದಿರುಗಿಸುವುದಿಲ್ಲವಷ್ಟೆ, ನನ್ನ ರವೆ ಡಬ್ಬಿಯಲ್ಲಿ ಒಂದು ಹಿಡಿ ಹಿತ್ತಾಳೆ ಸ್ಕ್ರೂ ಹಾಕಿ ಕಳಿಸಿದರು.

ಆಂಟಿ ಬಾಗಿಲಿಗೆ ಬಂದು, ಊರುಗೋಲಿನ ತುದಿಯಿಂದ ರೇಲಿಂಗನ್ನು ತಟ್ಟಿ ನೋಡಿ, ಒಳಗೆ ಹೋದರು. ಕೈಯಿಡಲಿಲ್ಲ. ಅಂಕಲ್ ದಿನವೂ ಅದನ್ನು ಒರೆಸಿ, ತಾವೇ ಹತ್ತಿ ಇಳಿದು, ಜಗ್ಗಿ, ಜೋತುಬಿದ್ದು ತೋರಿಸಿದರು. ಆಂಟಿ ಕಿಟಕಿಯಿಂದ, "ಸರ್ಕಸ್ ಚೆನ್ನಾಗಿದೆ" ಎಂದರು.

ವಾರದೊಳಗೆ ಇರುವೆ ಬಂದವು. ಬಿರಡೆಯ ಸಂದಿಯಲ್ಲಿ ನುಗ್ಗಿ, ರೇಲಿಂಗಿನುದ್ದಕ್ಕೂ ಲೋಕಲ್ ಟ್ರೈನಿನಂತೆ ಅಪ್ಪು, ಡೌನು ಎರಡೂ ಲೈನು ಹಾಕಿದವು. ಮೇಲಿನ ಮನೆಯವರೆಲ್ಲ ದೂರು ಕೊಟ್ಟರು. ಸಾವಂತ್ ಬಂದು ಮೂಸಿ ನೋಡಿದರು. "ಕಾಕಾ, ಯೇ ರೇಲಿಂಗ್ ಹೈ ಕಿ ಮಿಠಾಯಿ?" ರವಿವಾರದೊಳಗೆ ಇರುವೆ ಹೋಗದಿದ್ದರೆ ಕಟರ್ ತರಿಸಿ ಕತ್ತರಿಸುವುದೆಂದು ತೀರ್ಮಾನವಾಯಿತು. ಅಂಕಲ್ ಅಂದು ಕಾಫಿಗೆ ಬಂದಾಗ ಸೌಟು ಎದುರಿಗೇ ಇದ್ದರೂ ಎತ್ತಿ ನೋಡಲಿಲ್ಲ. "ಒಂದ್ಸಲ ಅವಳು ಕೈಯಿಟ್ಟಿದ್ರೆ ಸಾಕಿತ್ತಮ್ಮಾ. ಆಮೇಲೆ ಕತ್ತರಿಸಿಕೊಳ್ಳಲಿ" ಎಂದರು.

ರವಿವಾರ ಬೆಳಿಗ್ಗೆ ನಾನು ಹಾಲಿಗೆಂದು ಇಳಿಯುತ್ತಿದ್ದೆ. ಆಂಟಿ ಬಾಗಿಲಲ್ಲಿ, ಕೈಯಲ್ಲಿ ಕರ್ಪೂರದ ನೀರಿನಲ್ಲಿ ಅದ್ದಿದ ಬಟ್ಟೆ. "ಮಾಡಿದ್ದು ಇವರು, ಸೊಸೈಟಿ ಮುಂದೆ ಮಾನ ಹೋಗೋದು ನಂದು" ಎಂದು ಗೊಣಗುತ್ತಾ ಎಡಗೈಯಲ್ಲಿ ರೇಲಿಂಗ್ ಹಿಡಿದು ಬಲಗೈಯಲ್ಲಿ ಒರೆಸತೊಡಗಿದರು. ಇರುವೆಗಳು ಕೆಳಕ್ಕೆ ಓಡಿದವು, ಆಂಟಿ ಒಂದು ಮೆಟ್ಟಿಲು ಇಳಿದರು. ಇನ್ನೂ ಕೆಳಕ್ಕೆ ಓಡಿದವು. "ಎಲ್ಲಿಗೆ ಓಡ್ತೀರೇ, ಬಡ್ಕೊಂಡು ಹೋಗೋವ್ರಾ!" ಆಂಟಿ ತಿರುವಿಗೆ ಬಂದರು, ತಿರುಗಿದರು, ಒರೆಸಿದರು. ಕಿಟಕಿಯ ಗ್ರಿಲ್ ಹಿಂದೆ ಅಂಕಲ್ ತುಟಿಯ ಮೇಲೆ ಬೆರಳಿಟ್ಟು ನನಗೆ ಸನ್ನೆ ಮಾಡುತ್ತಿದ್ದರು.

ಕೊನೆಯ ಇರುವೆಯನ್ನು ಒರೆಸಿ ತಲೆಯೆತ್ತಿದ ಆಂಟಿಯ ಎದುರಿಗೆ ಬಾದಾಮಿ ಮರ. ಅದನ್ನೊಮ್ಮೆ, ಹಿಂದಿನ ಮೆಟ್ಟಿಲುಗಳನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಸಾವಂತ್ ಕಟರಿನವನೊಂದಿಗೆ ಬಂದರು.

"ಯಾಕೆ ಬಂದ್ರಿ?" ಆಂಟಿ ಅವರಿಗೂ ಕನ್ನಡದಲ್ಲೇ ಗದರಿದರು. "ತೆಗೆದ್ಬಿಟ್ರೆ ನಾನು ವಾಪಸ್ ಹೇಗೆ ಹತ್ಲಿ? ನೀವು ಎತ್ಕೊಂಡು ಹೋಗ್ತೀರಾ?"

ಸಾವಂತ್ ಅವರಿಗೆ ಭಾಷೆ ಬರದಿದ್ದರೂ ವಿಷಯ ಅರ್ಥವಾಯಿತು. ಆಂಟಿ ಬೆಂಚಿನ ಬಲತುದಿಯಲ್ಲಿ ಕೂತು, "ಒಂದು ಕಾಫಿ ಇಲ್ಲಿಗೇ ತನ್ನಿ" ಎಂದು ಗ್ರಿಲ್ಲಿನ ಕಡೆ ಕೂಗಿದರು. ರೇಲಿಂಗನ್ನು ಹೊಗಳಲಿಲ್ಲ. ಮರುದಿನದಿಂದ ದಿನವೂ ಒರೆಸಲು ಬಂದರು, ಇರುವೆ ಹೋದಮೇಲೂ.

ಕಳೆದ ಚಳಿಗಾಲದಲ್ಲಿ ನಮ್ಮ ಬಿಲ್ಡಿಂಗ್ ಕೆಡವಿ ಕಟ್ಟುವುದೆಂದಾಯಿತು. ಎಲ್ಲರೂ ಬಾಡಿಗೆ ಮನೆ ಹುಡುಕಿಕೊಂಡು ಚೆದುರಿದೆವು. ಅಂಕಲ್, ಆಂಟಿಗೆ ಸಾಂತಾಕ್ರೂಜ್‌ನಲ್ಲಿ ಸಿಕ್ಕಿತು. ಟೆಂಪೋ ಬಂದ ದಿನ ಆಂಟಿ ಬೀರು, ಫ್ರಿಜ್ಜು ಬಿಟ್ಟು ಮೊದಲು ರೇಲಿಂಗ್ ಬಿಚ್ಚಿಸಿದರು.

"ಅಲ್ಲಿ ಲಿಫ್ಟ್ ಇದೆ ವಿಶಾಲು, ಮೆಟ್ಟಿಲೇ ಇಲ್ಲ."

"ಹಾಲ್ ಗೋಡೆಗೆ ಹಾಕ್ಸಿ."

"ಇದು ಇಳಿಜಾರಾಗಿದೆ, ಹಾಲ್ ನೆಟ್ಟಗಿದೆ."

"ನೀವು ಮಾಡಿದ್ದು ಯಾವತ್ತು ನೆಟ್ಟಗಿತ್ತು? ಮೇಲೇರಿಸಿ ಅಂದೆ."

ಅಂಕಲ್ ಬೆಂಡರನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಆಂಟಿಯ ಪಕ್ಕ ಕೂತರು. ಟೆಂಪೋದ ಹಿಂದೆ ರೇಲಿಂಗ್ ಹೊರಗೆ ಚಾಚಿತ್ತು, ತುದಿಗೆ ಆಂಟಿಯ ಹಳೇ ಕೆಂಪು ಬ್ಲೌಸಿನ ಚೂರು ಕಟ್ಟಿದ್ದರು. ಟೆಂಪೋ ಸ್ಟಾರ್ಟ್ ಆದಾಗ ಅಂಕಲ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ರೇಲಿಂಗಿನ ಇನ್‌ಸ್ಪೆಕ್ಷನ್ ರಿಪೋರ್ಟು ನೀನು ಕೊಡಲೇ ಇಲ್ಲವಲ್ಲಮ್ಮಾ!"

"ಪಾಸ್ ಅಂಕಲ್!" ಎಂದೆ. "ಆದರೆ..."

ಟೆಂಪೋ ಹೊರಟಿತ್ತು. ಅವರು ಎಡಗಣ್ಣು ಮುಚ್ಚಿ ನಕ್ಕು ತಲೆ ಒಳಗೆ ತೆಗೆದುಕೊಂಡರು. "ಆದರೆ ಬಿರಡೆ ಬಿದ್ದುಹೋಗಿದೆ ಅಂಕಲ್" ಎಂದು ಹೇಳಹೊರಟಿದ್ದೆ. ಇಷ್ಟು ವರ್ಷ ಒಳಗೆ ಅಂಟಿಕೊಂಡಿದ್ದ ರವೆ ಕಳಚಿಕೊಂಡು, ರಂಗೋಲಿ ಎಳೆಯ ಹಾಗೆ ಸಣ್ಣಗೆ ಸುರಿಯುತ್ತಾ, ಗೇಟು ದಾಟಿ ಬೀದಿಯ ತಿರುವಿನವರೆಗೂ ಹೋಯಿತು. ಬಾದಾಮಿ ಮರದಿಂದ ಪಾರಿವಾಳಗಳು ಇಳಿದು, ಕತ್ತು ಕುಣಿಸುತ್ತಾ ಹೆಕ್ಕುತ್ತಾ ಹೆಕ್ಕುತ್ತಾ, ಸಾಂತಾಕ್ರೂಜ್ ದಾರಿ ಹಿಡಿದವು.