ಕೋಳಿಮರಿಯ ಅಳತೆ

ಪೀಣ್ಯದ ಒಂದು ಕಾರ್ಖಾನೆ ಶೆಡ್ಡಿನಲ್ಲಿ ನಾನು ಕ್ವಾಲಿಟಿ ಚೆಕಿಂಗ್‌ನಲ್ಲಿದ್ದೆ. ಅಳತೆ ತಪ್ಪಿದ ಬಿಡಿಭಾಗಗಳಿಗೆ ಕೆಂಪು ಬಣ್ಣ ಬಳಿದು ಗುಜರಿಗೆ ಹಾಕುವುದು ನನ್ನ ಕೆಲಸ. ಬ್ರಷ್ ಎತ್ತಿದಾಗಲೆಲ್ಲ ಅವನ್ನು ಕಡೆದ ನಮ್ಮ ಲೇತ್ ಆಪರೇಟರ್ ಕೈ ಒರೆಸಿಕೊಳ್ಳುತ್ತ ಬಂದು, "ಇನ್ನೊಂದ್ ಕಿತ ನೋಡಾಣ ಮೇಡಂ" ಎನ್ನುತ್ತಿದ್ದರು. ನನಗೆ ರೇಗುತ್ತಿತ್ತು.

ಒಂದು ಬೆಳಿಗ್ಗೆ ಅವರು ಊಟದ ಚೀಲದಲ್ಲಿ ಕೋಳಿಮರಿಯೊಂದನ್ನು ತಂದರು. ಅದರ ಕಾಲುಗಳು ಎರಡೂ ಬದಿಗೆ ಚಾಚಿಕೊಂಡಿದ್ದವು; ನಿಲ್ಲಲಾಗದೆ ಅದು ಹೊಟ್ಟೆ ಊರಿ ಬಿದ್ದಿತ್ತು.

"ಇದು ಬದುಕಲ್ಲ ಬಿಡಿ" ಎಂದೆ.

"ಇನ್ನೊಂದ್ ಕಿತ ನೋಡಾಣ."

ಜೊತೆಗೆ ಹುಟ್ಟಿದ ಗಟ್ಟಿಮರಿಯ ಕಾಲುಗಳ ಅಂತರವನ್ನು ಅವರು ಬಿಡಿಭಾಗ ಅಳೆಯುವ ವರ್ನಿಯರ್‌ನಲ್ಲೇ ಅಳೆದುಕೊಂಡು ಬಂದಿದ್ದರು. ಅಷ್ಟೇ ಅಂತರ ಬಿಟ್ಟು, ಗಾಯಕ್ಕೆ ಅಂಟಿಸುವ ಪಟ್ಟಿಯಿಂದ ಇದರ ಕಾಲುಗಳನ್ನು ಜೋಡಿಸಿದರು. ಮರಿ ನಿಂತಿತು. ಮೂರನೇ ದಿನ ಮತ್ತೆ ಮುಗ್ಗರಿಸಿತು. ಅವರು ಹಣೆ ಚಚ್ಚಿಕೊಂಡರು.

"ಥೂ, ಇದೇನ್ ಕಬ್ಬಿಣನಾ? ದಿನಾ ಬೆಳೀತೈತೆ!"

ಅಂದಿನಿಂದ ದಿನಾ ಹೊಸ ಅಳತೆ, ಹೊಸ ಪಟ್ಟಿ.

ವಾರದ ಮೇಲೆ ಪಟ್ಟಿ ಬಿಚ್ಚಿ ಮರಿಯನ್ನು ನನ್ನ ಮೇಜಿನ ಮೇಲೆ ಬಿಟ್ಟರು. ಅದು ವಾಲುತ್ತ ವಾಲುತ್ತ ಕೆಂಪು ಬಣ್ಣದ ಡಬ್ಬಿಯವರೆಗೂ ನಡೆದು ಬಂತು.

"ಎಡಗಾಲು ಒಂಚೂರು ಸೊಟ್ಟ ಐತೆ ಮೇಡಂ" ಎಂದರು, ತಪ್ಪೊಪ್ಪಿಕೊಳ್ಳುವವರಂತೆ.

ನಾನು ಡಬ್ಬಿಯ ಮುಚ್ಚಳ ಹಾಕಿದೆ.