ಮುಷ್ಟಿಯೊಳಗಿನ ಉಪ್ಪು

ಬೆಳಕು ಹರಿಯುವ ಮೊದಲೇ ಪ್ರೇಮಾವತಿ ದೋಸೆ ಹಿಟ್ಟಿಗೆ ಉಪ್ಪು ಬೆರೆಸಿ, ತೆಂಗಿನಕಾಯಿ ತುರಿದು, ಗಂಡ ದೂಮಪ್ಪನ ವರ್ಕ್‌ಶಾಪಿನ ಅಂಗಿ ಉಜ್ಜಿ, ಮೈದುನ ಅಕ್ಷಿತನ ಡಬ್ಬಿ ಕಟ್ಟಿ, ಅವನ ಹೆಂಡತಿ ಮೋಕ್ಷಾಳ ಆಫೀಸಿನ ಕುರ್ತಾಕ್ಕೂ ಇಸ್ತ್ರಿ ಹಾಕಿ ಮುಗಿಸಿರುತ್ತಾಳೆ. ಗಲ್ಫ್ ದೇಶದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಉಳಿದವರು ಏಳುವ ಹೊತ್ತಿಗೆ ಅವಳ ಬಲಭುಜ ಕಲ್ಲಾಗಿರುತ್ತದೆ. ಹೇಳಿದರೆ ದೂಮಪ್ಪನದು ಒಂದೇ ಮಾತು: "ಒಂದು ಪನಡೋಲ್ ನುಂಗು ಮಾರಾಯ್ತಿ."

ಮೋಕ್ಷಾಳಿಗೆ ಪ್ರಮೋಷನ್ ಆದ ವಾರವೇ ತಲೆನೋವು ಬಂತು. ಅವಳು ಮಲಗಿದಳು. ಅಕ್ಷಿತ್ ಪಕ್ಕದಲ್ಲಿ ಕುಳಿತು ಹಣೆ ಒತ್ತಿದ. ಚಹಾ ಹಿಡಿದು ಬಾಗಿಲಲ್ಲಿ ನಿಂತ ಪ್ರೇಮಾವತಿ ಹಣೆಯನ್ನು ನೋಡಲಿಲ್ಲ, ಆ ಬೆರಳುಗಳನ್ನೇ ನೋಡಿದಳು. ಪ್ರಮೋಷನ್ನಿನ ಸುದ್ದಿ ಬಂದ ದಿನವೂ ಮೋಕ್ಷಾಳನ್ನು ಹೀಗೇ ಕಿಚ್ಚಿನಿಂದ ನೋಡಿದ್ದಳು.

"ದೃಷ್ಟಿಯೇ ಇದು," ಎಂದ ದೂಮಪ್ಪ. "ನಿಂಗೆ ಅಮ್ಮ ಕಲಿಸಿದ್ದಾರಲ್ಲ, ತೆಗೆ."

ಅತ್ತೆ ಕಲಿಸಿದ್ದು ನಿಜ. ಕಲ್ಲುಪ್ಪು, ಒಣಮೆಣಸು ಮುಷ್ಟಿಯಲ್ಲಿ ಹಿಡಿದು ನೋವಿದ್ದವರ ತಲೆಯ ಸುತ್ತ ಇಳಿಸಬೇಕು. ಯಾರ ಕಣ್ಣು ಬಿದ್ದಿರಬಹುದೋ ಅವರನ್ನೆಲ್ಲ ಮನಸ್ಸಿನಲ್ಲೇ ಹೆಸರಿಸಬೇಕು. ಮನಸ್ಸು ಮುಷ್ಟಿಗೆ ಇಳಿಯದಿದ್ದರೆ ಅದು ಬರೀ ಉಪ್ಪು. ಕೆಂಡಕ್ಕೆ ಹಾಕಿದಾಗ ಮೆಣಸಿನ ಘಾಟು ಬಾರದಿದ್ದರೆ ದೃಷ್ಟಿ ಇತ್ತೆಂದೇ ಅರ್ಥ.

ಪ್ರೇಮಾವತಿ ಇಳಿಸಿದಳು. ಆಫೀಸಿನವರ ಕಣ್ಣು, ಎದುರು ಫ್ಲ್ಯಾಟಿನವರ ಕಣ್ಣು, ಲಿಫ್ಟಿನಲ್ಲಿ ಸಿಕ್ಕವರ ಕಣ್ಣು, ಊರಿನ ನೆಂಟರ ಕಣ್ಣು. ಓರಗಿತ್ತಿಯ ಕಣ್ಣು, ಅಂದರೆ ತನ್ನದೇ ಕಣ್ಣು, ಎನ್ನಬೇಕಾದಲ್ಲಿ ತಡೆದಳು; ಹೆಸರಿಸದೆ ದಾಟಿದಳು. ಬುಖೂರ್ ಧೂಪ ಹಾಕುವ ಇದ್ದಿಲಿನ ಮೇಲೆ ಮೆಣಸು ಕಪ್ಪಾಯಿತು. ಯಾರೂ ಕೆಮ್ಮಲಿಲ್ಲ.

"ಅಬ್ಬಾ, ಎಂಥ ಕಣ್ಣಪ್ಪಾ! ಯಾರದ್ದಿರಬಹುದು ಅತ್ತಿಗೆ?" ಎಂದ ಅಕ್ಷಿತ್.

"ನಂಗೆಂತ ಗೊತ್ತು," ಎಂದು ಪ್ರೇಮಾವತಿ ಬೂದಿ ಬಳಿದು ತೆಗೆದಳು. ತನ್ನ ನೋಟಕ್ಕೆ ಒಬ್ಬಳನ್ನು ಮಲಗಿಸುವಷ್ಟು ಬಲವಿದೆಯೆಂದು ತಿಳಿದು, ಎಷ್ಟೋ ವರ್ಷಗಳ ಮೇಲೆ ಅವಳ ಬೆನ್ನು ನೆಟ್ಟಗಾಯಿತು.

ನೋವು ಇಳಿಯಲಿಲ್ಲ. ಮರುದಿನ ಅಕ್ಷಿತ್ "ಅತ್ತಿಗೆ, ಸ್ವಲ್ಪ ಗಂಜಿ" ಎಂದ; ಆಮೇಲೆ "ಬಿಸಿನೀರು" ಎಂದ. ತನ್ನ ಕಣ್ಣೇ ಮಲಗಿಸಿದವಳ ಚಾಕರಿಯೂ ಕೊನೆಗೆ ಅವಳ ಕೈಗೇ ಬಂತು. ಸಂಜೆ ಮೋಕ್ಷಾ ಕರೆದಳು. "ಅಕ್ಕ, ಇನ್ನೊಂದ್ಸಲ ತೆಗೀತೀರಾ? ಡಾಕ್ಟರ್ ಏನೂ ಇಲ್ಲ ಅಂತಾರೆ. ನಂಗೆ ನಿಮ್ಮ ಕೈ ಮೇಲೇ ನಂಬಿಕೆ."

ಅಡುಗೆಮನೆಗೆ ಬಂದು ಮುಷ್ಟಿ ತುಂಬಿಕೊಂಡವಳು ಹಿಂದಿರುಗಲಿಲ್ಲ. ಬಾಗಿಲು ಹಾಕಿ, ತನ್ನ ತಲೆಗೇ ಇಳಿಸಿಕೊಂಡಳು. ತನಗೆ ತಾನೇ ತೆಗೆದುಕೊಳ್ಳಬಾರದೆಂದು ಅತ್ತೆ ಹೇಳಿದ್ದರು. ಆದರೆ ಅವಳಿಗೆ ತೆಗೆಯುವವರು ಯಾರಿದ್ದರು? ಈ ಸಲ ಮನಸ್ಸು ಎಲ್ಲಿಗೂ ಓಡಲಿಲ್ಲ; ನೋಯುವ ಭುಜದಿಂದ ಇಳಿದು ಬೆರಳುಗಳಲ್ಲಿ ನಿಂತಿತು. ಕೆಂಡಕ್ಕೆ ಹಾಕಿದಳು.

ಘಾಟು ಎದೆಗೆ ಹೊಡೆಯಿತು. ಕೆಮ್ಮಿ ಕೆಮ್ಮಿ ಕಣ್ಣು ಮೂಗು ಸುರಿಯಿತು. ಅವಳ ಮೇಲೆ ಯಾರ ಕಣ್ಣೂ ಬಿದ್ದಿರಲಿಲ್ಲ. ಇಷ್ಟು ವರ್ಷಗಳಲ್ಲಿ, ಒಬ್ಬರದೂ.

"ಅಕ್ಕಾ, ಬಂದ್ರಾ?"

ಇನ್ನೊಂದು ಮುಷ್ಟಿ ತೆಗೆದುಕೊಳ್ಳಬಹುದಿತ್ತು. ದಾಟಿದ ಆ ಕಣ್ಣನ್ನು ಹೆಸರಿಸಿದರೆ ನೋವು ಇಳಿದೀತು. ಬೆಳಗಾದರೆ ಮೋಕ್ಷಾ ಗರಿಗರಿ ಕುರ್ತಾ ತೊಟ್ಟು ಆಫೀಸಿಗೆ ಹೊರಟಾಳು. ಪ್ರೇಮಾವತಿ ಉಪ್ಪಿನ ಭರಣಿ ಮುಚ್ಚಿದಳು. ಈ ಮನೆಯಲ್ಲಿ ಅವಳದೆಂಬುದು ಆ ಕಣ್ಣೊಂದೇ. ಅದನ್ನು ಹಿಂದಕ್ಕೆ ಕರೆಯಲಿಲ್ಲ. ಗಂಜಿಯ ಪಾತ್ರೆಯನ್ನು ತೊಳೆಯದೆ ಸಿಂಕಿನಲ್ಲೇ ಬಿಟ್ಟು, ತನ್ನ ಕೋಣೆಗೆ ಹೋಗಿ, ಬಲಭುಜವನ್ನು ಗೋಡೆಗೆ ಒತ್ತಿಕೊಂಡು ಮಲಗಿದಳು.