ನಾಲ್ಕಕ್ಕೇ ಬಿಡುವ ಆಫೀಸಿನ ಬಸ್ಸು

ನಮ್ಮ ಪಕ್ಕದ ಖೋಲಿಯ ಬಸವಲಿಂಗನಿಗೆ ಹೆಂಡತಿಯ ಜೊತೆ ಕೂತು ಒಂದು ಹೊತ್ತು ಬಿಸಿ ರೊಟ್ಟಿ ತಿನ್ನಬೇಕೆಂಬ ಆಸೆ. ನಗಬೇಡಿ. ದುಡಿಯಲು ಬಂದ ಈ ಮರಾಠಿ ಶಹರದ ಕೋಥರೂಡಿನಲ್ಲಿ ಒಂದೇ ಸೂರಿನಡಿ ಇದ್ದರೂ ಅವರಿಬ್ಬರಿಗೆ ಅದು ಕೂಡಿ ಬಂದಿರಲಿಲ್ಲ. ಅವನು ಹಿಂಜವಾಡಿಯ ಸಾಫ್ಟ್‌ವೇರ್ ಕಂಪನಿಯೊಂದರ ನೌಕರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ನಸುಕಿನಲ್ಲಿ ಹೋದರೆ, ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಮರಳುವುದು ಓಣಿಯವರೆಲ್ಲ ಉಂಡು ಮಲಗುವ ಹೊತ್ತಿಗೆ. ರಜೆಯ ದಿನವೂ ಮದುವೆ, ಜಾತ್ರೆ ಎಂದು ಬಾಡಿಗೆ ಇದ್ದೇ ಇರುತ್ತದೆ. ಹೆಂಡತಿ ಶಿವಕಾಂತಾ ಹುಡುಗಿಯರ ಪಿಜಿಯಲ್ಲಿ ಬೆಳಗಿನ ಮತ್ತು ರಾತ್ರಿಯ ಅಡುಗೆ ಮಾಡುತ್ತಾಳೆ. ಅವಳಿಗೆ ಬಿಡುವು ಸಿಗುವುದು ಮಧ್ಯಾಹ್ನದಿಂದ ಏಳರವರೆಗೆ. ಆಗ ಇವನು ಸ್ಟೇರಿಂಗ್ ಹಿಡಿದಿರುತ್ತಾನೆ.

ಈ ವರ್ಷ ಕಂಪನಿ ಕೆಲಸದ ಹೊತ್ತು ಕಡಿಮೆ ಮಾಡಿ, ನಾಲ್ಕಕ್ಕೇ ಆಫೀಸು ಬಿಡತೊಡಗಿತು. ಕರೆಂಟು ಉಳಿಯುತ್ತದೆ, ಹೊಗೆ ಕಡಿಮೆಯಾಗುತ್ತದೆ, ನೌಕರರ ಮನಸ್ಸು ಹಗುರಾಗುತ್ತದೆ ಎಂದು ಬಸ್ಸಿಗೊಂದು ಹಸಿರು ಎಲೆಯ ಚಿತ್ರವನ್ನೂ ಅಂಟಿಸಿದರು. ಸುಳ್ಳೇನಲ್ಲ. ಮೊದಲ ದಿನ ರಸ್ತೆ ಖಾಲಿಯಿತ್ತು, ಬಸ್ಸಿನ ತುಂಬ ಹಾಡು, ನಗೆ. ಹೊರಡುವ ಮುಂಚೆ ಬಸವಲಿಂಗ ಹೆಂಡತಿಗೆ ಫೋನ್ ಮಾಡಿದ: "ಹಂಚು ಕಾಯಾಕ ಇಡು, ಬಂದೆ."

ಹಂಚು ಕಾಯುತ್ತಲೇ ಇತ್ತು. ಬಸ್ಸಿನ ಮಾಲೀಕ ಕಿಶೋರ ಖಾಲಿ ಗಾಡಿ ಕಂಡರೆ ನಿದ್ದೆ ಬಾರದ ಆಸಾಮಿ. ಅದೇ ಸಂಜೆಯಿಂದ ಚಾಕಣದ ಕಾರ್ಖಾನೆಯ ಕೆಲಸಗಾರರನ್ನು ಸಾಗಿಸುವ ಕೆಲಸ ಹಿಡಿದಿದ್ದ. ಕಂಪನಿ ಉಳಿಸಿದ ಹೊಗೆಯನ್ನು ಅದೇ ಬಸ್ಸು ಚಾಕಣದ ದಾರಿಯಲ್ಲಿ ಉಗುಳಿತು, ಹಸಿರು ಎಲೆಯ ಸಮೇತ! ನೆನೆಸಿಕೊಂಡರೆ ಈಗಲೂ ನನಗೆ ಮೈ ಉರಿಯುತ್ತದೆ. ಬಸವಲಿಂಗ ಮಳೆಗಾಲವಿಡೀ ಸಹಿಸಿದ. ಒಮ್ಮೆ ಸಿಗ್ನಲ್ಲಿನಲ್ಲಿ ಸ್ಟೇರಿಂಗ್ ಮೇಲೇ ನಿದ್ದೆ ಹೋದ ಮೇಲೆ ಹೆದರಿ ಕಿಶೋರನ ಮುಂದೆ ಹೋಗಿ ನಿಂತ. ಕಿಶೋರನೂ ನಮ್ಮ ಕಲಬುರಗಿ ಕಡೆಯವನೇ, ಊರಲ್ಲಿ ಹೊಲಮನೆ ಇದ್ದವನು.

"ಮಾಲಕ್ರೇ, ನಿಮ್ಮ ಹೊಲದಾಗ ಸೋಮಾರ ಎತ್ತು ಹೂಡ್ತಾರೇನ್ರಿ?"

"ಛೇ ಛೇ! ಬಸವಣ್ಣನ ವಾರ ಅದು. ಹೂಡಿದ್ರ ನಮ್ಮಪ್ಪ ಮನಿ ಬಿಟ್ಟು ಹೊರಗ ಹಾಕ್ತಾನ."

"ಹಂಗಾರ ಸೋಮಾರ ಸಂಜಿಗಿ ನನ್ನ ನೊಗಾನೂ ಇಳಸ್ರಿ."

ಕಿಶೋರ ಹೊಟ್ಟೆ ಹಿಡಿದು ನಕ್ಕ. "ನೀ ಏನ್ ಎತ್ತೇನೋ?"

"ಎತ್ತಾಗಿದ್ರ ಹಿಂಗ್ ಕೇಳೂ ಪಾಳಿ ಬರ್ತಿದ್ದಿಲ್ರಿ."

ಕಿಶೋರನ ನಗು ಅಲ್ಲಿಗೇ ನಿಂತಿತು. ಗೊಣಗುತ್ತಲೇ ಸೋಮವಾರದ ಸಂಜೆ ಬಿಟ್ಟುಕೊಟ್ಟ.

ಆ ಸೋಮವಾರ ಇನ್ನೂ ಬಿಸಿಲಿರುವಾಗಲೇ ಬಸವಲಿಂಗ ಓಣಿಗೆ ಬಂದ. ಕೈಯಲ್ಲಿ ಎಳೆ ಸೌತೆಕಾಯಿ, ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಮೆಂತ್ಯದ ಕಟ್ಟು. ಖೋಲಿಗೆ ಬೀಗ ಬಿದ್ದಿತ್ತು. ಶಿವಕಾಂತಾ ಕೀಲಿಯನ್ನು ನನ್ನ ಕೈಗೆ ಕೊಟ್ಟು ಹೋಗಿದ್ದಳು. ಗಾಡಿ ಹೊಡೆಯುವಾಗ ಅವನಿಗೆ ಫೋನ್ ಮಾಡಬೇಡಿ ಎಂದೂ ಹೇಳಿದ್ದಳು. ಹೇಳುವ ಕರ್ಮ ನನ್ನ ಪಾಲಿಗೆ ಬಂತು.

"ಪಿಜಿ ಹುಡ್ಗ್ಯಾರು ಈಗ ಲಗೂನ ಬರ್ತಾರಂತ ತಮ್ಮಾ. ಬಂದ ಕೂಡ್ಲೇ ಬಿಸಿ ನಾಷ್ಟಾ ಬೇಕಂತ ತಕರಾರು ಮಾಡ್ಯಾರ. ಇವತ್ತಿನಿಂದ ಸಂಜಿಗೇ ಕೆಲಸಕ್ಕ ಬಾ ಅಂದಾರ ಅಕೀಗಿ."

ಅವನು ಕೀಲಿಗೆ ಕೈ ಚಾಚಲಿಲ್ಲ. ಸೊಪ್ಪಿನ ಕಟ್ಟು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತ.

"ಅಕ್ಕಾ, ಆ ಹುಡ್ಗ್ಯಾರನ್ನ ಪಿಜಿ ಬಾಗಿಲಿಗಿ ಈಗ ಇಳಿಸಿ ಬಂದಾಂವ ನಾನ ಅದೀನ್ರಿ."